ಡಾಡ್ಜ್ ಬೇಡವೆಂದವನು

ಸ್ಟೀರಿಂಗಿನ ಹಿಂದೆ ಕುಳಿತ ಮೇಲೆ ಕೃಷ್ಣಮೋಹನನಿಗೆ ಇಳಿಯಲು ಮನಸ್ಸೇ ಬರಲಿಲ್ಲ.

ಮುಂದಿನ ಗಾಜು ಪುಡಿಯಾಗಿತ್ತು. ಎಡಗಡೆಯ ಮಡ್‌ಗಾರ್ಡು ಮೋರಿಯ ಕಲ್ಲಿಗೆ ಬಡಿದು ಒಳಕ್ಕೆ ಮಡಚಿಕೊಂಡಿತ್ತು. ಸೀಟಿನ ಮೇಲೆ ರಕ್ತ ಒಣಗಿತ್ತು. ಇಷ್ಟೆಲ್ಲ ಆಗಿಯೂ ಡಾಡ್ಜ್ ಡಾಡ್ಜೇ. ನಜ್ಜುಗುಜ್ಜಾದ ಕಾರನ್ನು ಕಂಡೂ ಇದು ತನ್ನದಾಗಲಿಲ್ಲವಲ್ಲ ಎಂದು ಹೊಟ್ಟೆ ಉರಿಸಿಕೊಳ್ಳುವ ಮನುಷ್ಯ ಪುತ್ತೂರು, ಸುಳ್ಯ, ಕಡಬ ಮೂರು ಪೇಟೆ ಹುಡುಕಿದರೆ ಒಬ್ಬನೇ ಸಿಕ್ಕಿಯಾನು. ಅವನು ಈಗ ಎರಡೂ ಕೈಯಲ್ಲಿ ಸ್ಟೀರಿಂಗ್ ಹಿಡಿದು ಕುಳಿತಿದ್ದ.

"ವಕೀಲ್ರೆ, ಕೂತದ್ದು ಸಾಕು. ಎಷ್ಟು ಕೂತ್ರೂ ಅದು ಪುತ್ತೂರಿಗೆ ಹೋಗುದಿಲ್ಲ," ಎಂದರು ಗ್ಯಾರೇಜಿನ ಯಜಮಾನ ಅಬೂಬಕರ್ ಸಾಹೇಬರು.

"ಸಾಕ್ಷ್ಯ ನೋಡ್ತಾ ಇದ್ದೇನೆ ಸಾಹೇಬ್ರೆ."

"ಕಾರು ಸರಿ ಇದ್ದಾಗಲೂ ನೀವು ಹೀಗೇ ನೋಡ್ತಾ ಇದ್ರಿ. ಆಗ ಎಂತ ಸಾಕ್ಷ್ಯ ಇತ್ತು?"

ಕೃಷ್ಣಮೋಹನ ಕಿವಿ ಕೆಂಪಗೆ ಮಾಡಿಕೊಂಡು ಕೆಳಗಿಳಿದ. ಸಾಹೇಬರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಕೊಡಗಿನ ಕಾಫಿ ತೋಟದ ದೊರೆಯೊಬ್ಬ ತನ್ನ ದೇಶಕ್ಕೆ ಹೊರಟಾಗ ಈ ಕಾರನ್ನು ಮಾರಿಕೊಡಿ ಎಂದು ಸುಳ್ಯದ ಈ ಗ್ಯಾರೇಜಿನಲ್ಲಿ ಬಿಟ್ಟು ಹೋಗಿದ್ದ. ಅಂದಿನಿಂದ ಕೃಷ್ಣಮೋಹನನಿಗೆ ಸುಳ್ಯದಲ್ಲಿ ಇಲ್ಲದ ಕೆಲಸಗಳೆಲ್ಲ ಹುಟ್ಟಿಕೊಂಡಿದ್ದವು.

ಎಂಟು ಸಿಲಿಂಡರಿನ ಎಂಜಿನ್. ಅಮೆರಿಕದಲ್ಲಿ ಓಟದ ಪಂದ್ಯಕ್ಕೆ ಬಿಡುವ ಜಾತಿಯದ್ದು. ಅದನ್ನೇ ತಂದು ಹೆಂಡತಿ ಮಕ್ಕಳು ಆರಾಮವಾಗಿ ಕೂರುವ ನಾಲ್ಕು ಬಾಗಿಲಿನ ಕಾರಿನ ಹೊಟ್ಟೆಯಲ್ಲಿ ಇಟ್ಟಿದ್ದರು. ಸ್ಟಾರ್ಟ್ ಮಾಡಿದರೆ ಬಸ್ಸು ನಿಲ್ದಾಣದ ಹೋಟೆಲಿನಲ್ಲಿ ಚಾ ಲೋಟ ಅದುರುತ್ತಿತ್ತು. ಇಂಥದ್ದನ್ನು ಹೊಸತು ತರಿಸೋಣವೆಂದರೆ ಸರಕಾರ ಆ ಬಾಗಿಲನ್ನು ಎಂದೋ ಹಾಕಿಬಿಟ್ಟಿತ್ತು. ಹಳತು ಸಿಕ್ಕುವುದು ಹೀಗೆ ದೊರೆಗಳು ಗಂಟುಮೂಟೆ ಕಟ್ಟಿದಾಗ ಮಾತ್ರ. ಕೃಷ್ಣಮೋಹನನ ಹತ್ತಿರ ಇದ್ದದ್ದು ನಾಲ್ಕು ಕೈ ದಾಟಿ ಬಂದ ಒಂದು ಬೇಬಿ ಆಸ್ಟಿನ್. ಅದು ಏರು ಕಂಡಲ್ಲಿ ಕೆಮ್ಮುತ್ತಿತ್ತು.

ಶುಕ್ರವಾರ ಸಂಜೆ ಪುತ್ತೂರಿನ ಅಡಿಕೆ ವ್ಯಾಪಾರಿ ವೆಂಕಟ್ರಮಣ ಭಟ್ಟರು, ಅದೇ ದಿನ ಕೈಸೇರಿದ ಈ ಡಾಡ್ಜನ್ನು ಒಬ್ಬರೇ ಸಂಪಾಜೆಯ ಕಡೆಗೆ ಓಡಿಸಿದ್ದರು. ಕಲ್ಲುಗುಂಡಿಯ ತಿರುವಿನಲ್ಲಿ ಬ್ರೇಕು ಹಿಡಿಯಲಿಲ್ಲ. ಭಟ್ಟರು ಈಗ ಮಂಗಳೂರಿನ ಆಸ್ಪತ್ರೆಯಲ್ಲಿ ಪ್ರಜ್ಞೆಯಿಲ್ಲದೆ ಮಲಗಿದ್ದರು. ಗ್ಯಾರೇಜಿನ ಮೆಕ್ಯಾನಿಕ್ ಹಕೀಮ್ ಪುತ್ತೂರಿನ ಲಾಕಪ್ಪಿನಲ್ಲಿದ್ದ. ಹಿಂದೊಮ್ಮೆ ಭಟ್ಟರು ನಡುಪೇಟೆಯಲ್ಲಿ ಅವನ ಕೆನ್ನೆಗೆ ಹೊಡೆದಿದ್ದರು, ಅವನು "ನೋಡಿಕೊಳ್ತೇನೆ" ಎಂದದ್ದನ್ನು ಊರೇ ಕೇಳಿತ್ತು. ಪೊಲೀಸರಿಗೆ ಅಷ್ಟು ಸಾಕಾಯಿತು.

ನಾಳೆ ಸೋಮವಾರ. ಹಕೀಮನನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸುತ್ತಾರೆ. ಅಷ್ಟರೊಳಗೆ ಅವನ ವಕೀಲ ಏನನ್ನಾದರೂ ಹುಡುಕಿ ತರದಿದ್ದರೆ ಅವನು ಕೊಲೆಯತ್ನದ ಆರೋಪ ಹೊತ್ತು ಮಂಗಳೂರಿನ ಜೈಲಿಗೆ ಹೋಗುವುದು ಖಂಡಿತ. ಆ ವಕೀಲ ಕೃಷ್ಣಮೋಹನ. ಹಕೀಮನ ತಾಯಿ ನಫೀಸಮ್ಮ ಬೆಳಗ್ಗಿನಿಂದ ಪುತ್ತೂರಿನಲ್ಲಿ ಅವನ ಮನೆಯ ಜಗಲಿಯ ಮೇಲೆ ಕುಳಿತಿದ್ದರು. ಏನಾದರೂ ತಂದೇ ತರುತ್ತೇನೆ ಎಂದು ಅವರಿಗೆ ಮಾತು ಕೊಟ್ಟು ಹೊರಟು ಬಂದಿದ್ದ.

ಅವನು ಅಂಗಿಯ ತೋಳು ಮಡಚಿ, ಗೋಣಿ ಹಾಸಿ ಕಾರಿನ ಅಡಿಗೆ ನುಸುಳಿದ. ಬ್ರೇಕಿನ ಎಣ್ಣೆ ಹೋಗುವ ಕೊಳವೆಯ ನಟ್ಟನ್ನು ಬೆರಳಿನಿಂದ ಸವರಿ ನೋಡಿದ. ಮೂಲೆಗಳೆಲ್ಲ ಸವೆದು ಉರುಟಾಗಿದ್ದವು.

ಇದೊಂದು ವಿಷಯ ಅವನ ತಲೆಯಲ್ಲಿ ನಿನ್ನೆಯಿಂದ ಕುಳಿತಿತ್ತು. ಅಮೆರಿಕದ ಕಾರಿನ ನಟ್ಟಿಗೆ ಅಮೆರಿಕದ ಸ್ಪಾನರೇ ಆಗಬೇಕು. ಇಂಗ್ಲಿಷ್ ಕಾರಿನ ಸ್ಪಾನರ್ ಹಾಕಿದರೆ ಜಾರುತ್ತದೆ, ಮೂಲೆ ತಿನ್ನುತ್ತದೆ. ದೊರೆ ಕಾರಿನ ಜೊತೆಗೆ ಅದರ ಸ್ಪಾನರುಗಳನ್ನೂ ಕೊಟ್ಟಿದ್ದ, ಅವು ಹಕೀಮನ ಪೆಟ್ಟಿಗೆಯಲ್ಲೇ ಇದ್ದವು. ಸರಿಯಾದ್ದು ಕೈಯಲ್ಲಿರುವಾಗ ಅವನು ಆಗದ್ದನ್ನು ಯಾಕೆ ಹಿಡಿದಾನು? ಸಬ್‌ಇನ್‌ಸ್ಪೆಕ್ಟರರಿಗೆ ಇದನ್ನು ಹೇಳಿದಾಗ ಅವರು ನಕ್ಕು, "ನಮ್ಮನ್ನು ದಾರಿ ತಪ್ಪಿಸೋಕೆ ಕಣ್ರೀ," ಎಂದಿದ್ದರು. ಹಾಸನದ ಕಡೆಯವರು. ರಾಜ್ಯ ಒಂದಾದ ಮೇಲೆ ಇಲ್ಲಿಗೆ ವರ್ಗವಾಗಿ ಬಂದವರು.

ಕೃಷ್ಣಮೋಹನನ ಮನಸ್ಸಿನಲ್ಲಿ ಅಪರಾಧಿ ಯಾರೆಂದು ಮೊದಲ ದಿನವೇ ತೀರ್ಮಾನವಾಗಿತ್ತು. ಸಾಕ್ಷ್ಯ ಮಾತ್ರ ಬಾಕಿ.

ಐವರ್ನಾಡಿನ ಶ್ರೀಕೃಷ್ಣ.

ಈ ಕಾರಿಗೆ ಮೊದಲು ಮಾತು ಕೊಟ್ಟವನು ಶ್ರೀಕೃಷ್ಣ. ಶುಕ್ರವಾರ ಮಧ್ಯಾಹ್ನದವರೆಗೂ ಡಾಡ್ಜ್ ಅವನದೇ ಎಂದು ಸುಳ್ಯದ ನಾಯಿಗೂ ಗೊತ್ತಿತ್ತು. ಅಂದು ವೆಂಕಟ್ರಮಣ ಭಟ್ಟರು, ತನಗೆ ತಪ್ಪಿದ ಕಾರನ್ನು ಕೊನೆಯ ಸಲ ನೋಡಿ ಹೋಗೋಣವೆಂದು ಮುಖ ಹುಳಿ ಮಾಡಿಕೊಂಡು ಬಂದಿದ್ದರು. ಗ್ಯಾರೇಜಿನ ಬಾಗಿಲಲ್ಲಿ ನಿಂತಿದ್ದ ಶ್ರೀಕೃಷ್ಣ ಎಲ್ಲರೆದುರು, "ನನಗೆ ಡಾಡ್ಜ್ ಬೇಡ, ಇವರಿಗೇ ಕೊಡಿ," ಎಂದುಬಿಟ್ಟ. ಭಟ್ಟರು ನಿಂತ ಕಾಲಲ್ಲೇ ಕಾರನ್ನು ಕೊಂಡುಹೋದರು. ಭಟ್ಟರಿಗೂ ಅವನಿಗೂ ಮೊದಲಿನಿಂದ ಆಗಿಬರುವುದಿಲ್ಲ. ಒಬ್ಬ ರೇಡಿಯೊ ತಂದರೆ ಇನ್ನೊಬ್ಬ ಗ್ರಾಮಫೋನ್ ಇರುವ ರೇಡಿಯೊ ತರುವವರು. ಅಂಥವನು ಕೈಗೆ ಬಂದ ಡಾಡ್ಜನ್ನು ಬೇಡವೆನ್ನಬೇಕಾದರೆ ಅದು ಎಲ್ಲಿಗೆ ಹೋಗಿ ನಿಲ್ಲುತ್ತದೆಂದು ಅವನಿಗೆ ಗೊತ್ತಿರಲೇಬೇಕು!

ಆದರೆ ಶ್ರೀಕೃಷ್ಣನಿಗೆ ಒಂದು ರಕ್ಷಣೆ ಇತ್ತು. ಅದರ ಹೆಸರು ದುಗ್ಗಪ್ಪ.

ದುಗ್ಗಪ್ಪ ಗ್ಯಾರೇಜಿನ ಕಾವಲಿನವನು. ಮೂಲ್ಕಿಯ ಕಡೆಯಿಂದ ಬಂದವನು, ಸುಳ್ಯಕ್ಕೆ ಹೊಸಬ. ಶುಕ್ರವಾರ ಮಧ್ಯಾಹ್ನ ಸಾಹೇಬರೂ ಹಕೀಮನೂ ಜುಮ್ಮಾ ನಮಾಜಿಗೆ ಮಸೀದಿಗೆ ಹೋಗಿದ್ದಾಗ ಇದ್ದವನು ಅವನೊಬ್ಬನೇ. ಅವನನ್ನು ಕೃಷ್ಣಮೋಹನ ಮತ್ತೊಮ್ಮೆ ಕರೆದು ಕೂರಿಸಿದ.

"ಇನ್ನೊಮ್ಮೆ ಹೇಳು ಮಾರಾಯ. ಎಲ್ಲಿದ್ದಿ ನೀನು?"

"ಹಿಂದೆ ಊಟ ಮಾಡ್ತಾ ಇದ್ದೆ ವಕೀಲ್ರೆ. ಕೈ ತೊಳೀಲಿಕ್ಕೆ ಎದ್ದಾಗ ಐವರ್ನಾಡಿನ ಧಣಿ ಬಂದ್ರು."

"ಬಂದದ್ದನ್ನು ನೋಡಿದ್ದಿಯಾ?"

"ನೋಡ್ಲಿಲ್ಲ. ಕೇಳಿದ್ದು. 'ಬತ್ತೆ' ಅಂತ ಹೇಳಿದ್ರು. ನನಗೇ ಹೇಳಿದ್ದು ಅಂತ ಎಣಿಸಿ ಬೇಗ ಬೇಗ ಈಚೆ ಬಂದೆ. ಬಾಗಿಲಲ್ಲಿ ನಿಂತಿದ್ರು. ಅಷ್ಟರಲ್ಲಿ ಪುತ್ತೂರಿನ ಭಟ್ರೂ ಬಂದ್ರು, ನಮಾಜು ಮುಗಿಸಿ ಸಾಹೇಬ್ರೂ ಬಂದ್ರು."

ಪೊಲೀಸರು ಬರೆದುಕೊಂಡದ್ದೂ ಇದನ್ನೇ. ದುಗ್ಗಪ್ಪ ತುಳುವಿನಲ್ಲಿ ಹೇಳಿದ, ಪೇದೆ ಕನ್ನಡ ಮಾಡಿದ, ಹಾಸನದ ಸಬ್‌ಇನ್‌ಸ್ಪೆಕ್ಟರರು "ಬಂದೆ ಎಂದು ಕೂಗಿದರು" ಎಂದು ಬರೆದರು. ಶ್ರೀಕೃಷ್ಣ ಬಂದ ಕೂಡಲೇ ಭಟ್ಟರೂ ಬಂದಿದ್ದಾರೆ. ಕಾರಿನ ಅಡಿಗೆ ನುಸುಳಲು ಅವನಿಗೆ ಸಮಯವೆಲ್ಲಿ?

ಕೃಷ್ಣಮೋಹನ ಸೋತ ಮುಖದಲ್ಲಿ ಎದ್ದ. ಗ್ಯಾರೇಜಿಗೆ ಎರಡು ಬಾಗಿಲು, ಒಂದು ರಸ್ತೆಗೆ, ಇನ್ನೊಂದು ಬಸ್ಸು ನಿಲ್ದಾಣದ ಕಡೆಗೆ. ಅವನು ರಸ್ತೆಯ ಬಾಗಿಲಿಗೆ ಬಂದು, ಹೊರಡುವಾಗ ಹೇಳುವಂತೆ ತುಳುವಿನಲ್ಲಿ, "ಬರ್ಪೆ ದುಗ್ಗಪ್ಪ," ಎಂದ.

ಹೇಳಿದವನು ಅಲ್ಲೇ ನಿಂತ.

ಬರ್ಪೆ. ಬರುತ್ತೇನೆ. ಹೊರಡುವವನು ಹೋಗುತ್ತೇನೆ ಎನ್ನುವುದಿಲ್ಲ, ಬರುತ್ತೇನೆ ಎನ್ನುತ್ತಾನೆ. ಇದನ್ನೇ ತನ್ನ ಮನೆಯ ಮೆಟ್ಟಲಿಳಿಯುವಾಗ ಹೇಳಿದ್ದರೆ ಹೇಗೆ ಹೇಳುತ್ತಿದ್ದೆ? ಅಜ್ಜಿ, ಅಪ್ಪ, ತಾನು, ಎಲ್ಲರೂ ಚಪ್ಪಲಿ ಮೆಟ್ಟುವಾಗ ಹೇಳುವ ಮಾತು ಯಾವುದು?

ಬತ್ತೆ!

ತುಳುವಿನಲ್ಲಿ ಬತ್ತೆ ಎಂದರೆ ಬಂದೆ. ತನ್ನ ಮತ್ತು ಶ್ರೀಕೃಷ್ಣನ ಮನೆಮಾತಾದ ಹವ್ಯಕ ಕನ್ನಡದಲ್ಲಿ ಬತ್ತೆ ಎಂದರೆ ಬರುತ್ತೇನೆ. ಶ್ರೀಕೃಷ್ಣ ಆಳುಗಳ ಹತ್ತಿರ ತುಳು ಮಾತಾಡುವವನಾದ್ದರಿಂದ ದುಗ್ಗಪ್ಪ ಅದನ್ನು ತುಳುವೆಂದೇ ತಿಳಿದ. ಅವನು ಬಂದವನಲ್ಲ. ಹೊರಟವನು. ದುಗ್ಗಪ್ಪ ಉಂಡು ಮುಗಿಸುವವರೆಗೂ ಒಳಗೆ ಕಾರಿನ ಹತ್ತಿರವೇ ಇದ್ದವನು.

ಕೃಷ್ಣಮೋಹನನಿಗೆ ಕುಣಿಯುವಷ್ಟು ಸಂತೋಷವಾಯಿತು. ಹಕೀಮ್ ಉಳಿದ ಎಂಬ ಸಂತೋಷ ಅದರಲ್ಲಿ ಕಾಲುಭಾಗವೂ ಇರಲಿಲ್ಲ. ಶ್ರೀಕೃಷ್ಣ ಸಿಕ್ಕಿಬಿದ್ದ ಎಂಬುದೇ ಅವನ ಸಂಭ್ರಮ. ಆಸ್ಟಿನ್ನಿನ ಹ್ಯಾಂಡಲು ತಿರುಗಿಸುವಾಗ ಶಿಳ್ಳೆ ಹೊಡೆದದ್ದನ್ನು ಅಬೂಬಕರ್ ಸಾಹೇಬರು ಆಶ್ಚರ್ಯದಿಂದ ನೋಡಿದರು.

*

ಐವರ್ನಾಡಿನ ಮನೆಯ ಅಂಗಳದಲ್ಲಿ ರಬ್ಬರ್ ಶೀಟುಗಳನ್ನು ಹಗ್ಗದ ಮೇಲೆ ಒಣಗಲು ಹಾಕಿದ್ದರು. ಅದರ ಹುಳಿವಾಸನೆ ಮಾರ್ಗದವರೆಗೂ ಬರುತ್ತಿತ್ತು. ಶ್ರೀಕೃಷ್ಣ ಶೀಟು ತಿರುಗಿಸಿ ಹಾಕುತ್ತಿದ್ದ. ಎತ್ತರದ ಮನುಷ್ಯ. ಆಳುಗಳ ಕೆಲಸ ಮಾಡಿದರೂ ಯಜಮಾನನಂತೆಯೇ ಕಾಣುವವನು. ಹಾಡಲೂ ಬರುತ್ತದೆ. ಊರಿನವರು ಹಠ ಹಿಡಿದು ನಾಟಕಕ್ಕೆ ಕರೆಯುತ್ತಾರೆ. ದೇವರು ಹಂಚುವಾಗ ಇವನಿಗೆ ಎರಡು ಸಲ ಬಡಿಸಿದ್ದಾನೆಂದು ಕೃಷ್ಣಮೋಹನನ ಹಳೆಯ ದೂರು.

ದೂರಿಗೆ ಬುಡ ಬೇರೆಯೇ ಇತ್ತು. ಕೃಷ್ಣಮೋಹನನ ಹೆಂಡತಿ ವಸುಮತಿ ಕಡಬದವಳು. ಅವಳ ಜಾತಕ ಕೃಷ್ಣಮೋಹನನ ಮನೆಗೆ ಬರುವ ಮೊದಲು ಶ್ರೀಕೃಷ್ಣನ ಮನೆಗೆ ಹೋಗಿತ್ತು. ಕೂಡಿಬರುವುದಿಲ್ಲ ಎಂದು ಅಲ್ಲಿಂದ ಹಿಂದೆ ಬಂದ ಮೇಲೆ ಇಲ್ಲಿಗೆ ಬಂತು. ಮದುವೆಯಲ್ಲೂ ತಾನು ಎರಡನೇ ಗಿರಾಕಿ ಎಂಬ ಮುಳ್ಳು ಅವನೊಳಗೆ ಮುರಿದು ಕುಳಿತಿತ್ತು. ವಸುಮತಿ ಅಡುಗೆಮನೆಯಲ್ಲಿ ಸುಮ್ಮನೆ ಗುನುಗಿದರೂ, ಈ ಹಾಡು ಯಾರದ್ದೋ ಎಂದು ಅವನಿಗೆ ಸಂಶಯ.

"ಓ, ಭಾವ! ಬಾ ಬಾ. ಆಸರಿಗೆ ಕುಡೀಲಿಕ್ಕೆ ಎಂತ ಆಗಬೇಕು?" ಎಂದ ಶ್ರೀಕೃಷ್ಣ.

ಇಬ್ಬರೂ ಮಾತಾಡಿದ್ದು ಮನೆಮಾತಿನಲ್ಲಿ; ನೆಂಟಸ್ತಿಕೆ ಇಲ್ಲದಿದ್ದರೂ ಅದರಲ್ಲಿ ಸಮವಯಸ್ಕರೆಲ್ಲ ಭಾವಂದಿರೇ. ಅದನ್ನು ಇದ್ದ ಹಾಗೆಯೇ ಇಳಿಸಿದರೆ ಘಟ್ಟದ ಮೇಲಿನ ಓದುಗರು ಪತ್ರಿಕೆಯನ್ನು ಮಡಚಿಟ್ಟಾರು. ಆದ್ದರಿಂದ ಇಲ್ಲಿ ಊರಿನ ಕನ್ನಡ.

"ಏನೂ ಬೇಡ ಭಾವ. ಒಂದು ಮಾತು ಕೇಳಿ ಹೋಗುವ ಅಂತ ಬಂದೆ. ಶುಕ್ರವಾರ ಗ್ಯಾರೇಜಿನಲ್ಲಿ 'ಬತ್ತೆ' ಅಂದದ್ದು ಬಂದದ್ದಕ್ಕಾ, ಹೊರಟದ್ದಕ್ಕಾ?"

ಶ್ರೀಕೃಷ್ಣನ ಕೈಯಲ್ಲಿದ್ದ ಶೀಟು ಹಗ್ಗದ ಮೇಲೆ ಸರಿಯಾಗಿ ಕೂರಲಿಲ್ಲ. ಅವನು ಅದನ್ನು ಮತ್ತೆ ಎಳೆದು ಹಾಕಿದ.

"ದುಗ್ಗಪ್ಪ ಹೇಳಿದ್ದಾನಲ್ಲ. ಬಂದದ್ದಕ್ಕೆ."

"ದುಗ್ಗಪ್ಪನಿಗೆ ತುಳು ಗೊತ್ತುಂಟು. ನಮ್ಮ ಭಾಷೆ ಗೊತ್ತಿಲ್ಲ. ನನಗೆ ಎರಡೂ ಗೊತ್ತುಂಟು. ನೀನು ಒಳಗೆ ಇದ್ದಿ. ಎಲ್ಲರೂ ನಮಾಜಿಗೆ ಹೋದದ್ದು ನೋಡಿಯೇ ಒಳಗೆ ಹೋದದ್ದು. ನಟ್ಟು ಸಡಿಲ ಮಾಡಿದ್ದು, ಹೊರಗೆ ಬಂದದ್ದು, ವೆಂಕಟ್ರಮಣ ಭಟ್ರನ್ನು ಕಂಡದ್ದು, ನನಗೆ ಬೇಡ ನಿಮಗೇ ಇರಲಿ ಅಂತ ದೊಡ್ಡ ದಾನಶೂರನ ಹಾಗೆ ಹೇಳಿದ್ದು!"

"ನಾನು ಎಂತಕ್ಕೆ ಹಾಗೆ ಮಾಡುದು?"

"ಭಟ್ರ ಮೇಲಿನ ಹೊಟ್ಟೆಕಿಚ್ಚಿಗೆ."

ಶ್ರೀಕೃಷ್ಣ ಜೋರಾಗಿ ನಕ್ಕ. "ಹೊಟ್ಟೆಕಿಚ್ಚಿನ ವಿಷಯ ನೀನು ಹೇಳಿದರೆ ಇಲ್ಲ ಅಂತ ಹೇಳ್ಲಿಕ್ಕೆ ನಾನು ಯಾರು ಮಾರಾಯ? ಅದರಲ್ಲಿ ನೀನು ಪಂಡಿತ."

"ನಗಬೇಡ. ಆ ನಟ್ಟು ಇಂಗ್ಲಿಷ್ ಸ್ಪಾನರಿನಲ್ಲಿ ತಿರುಗಿಸಿದ್ದು. ನಿನ್ನ ಹಿಲ್‌ಮನ್ ಕಾರಿನಲ್ಲಿ ಎಂಥ ಸ್ಪಾನರ್ ಉಂಟು?"

"ಇಂಗ್ಲಿಷ್ ಸ್ಪಾನರೇ. ನಿನ್ನ ಆಸ್ಟಿನ್ನಿನಲ್ಲಿ ಎಂತ ಉಂಟು, ಬೆಳ್ಳಿಯ ಚಮಚವಾ?"

ಕೃಷ್ಣಮೋಹನನಿಗೆ ಮುಖಕ್ಕೆ ನೀರು ಎರಚಿದಂತಾಯಿತು. ಆದರೂ ಬಿಡಲಿಲ್ಲ. "ನಾಳೆ ಮ್ಯಾಜಿಸ್ಟ್ರೇಟರ ಎದುರು ಈ ಮಾತಿನ ಅರ್ಥ ಬಿಡಿಸಿ ಹೇಳ್ತೇನೆ. ಹಕೀಮ್ ಹೊರಗೆ ಬರ್ತಾನೆ. ಒಳಗೆ ಯಾರು ಹೋಗ್ತಾರೆ ಅಂತ ನಾನು ಹೇಳಬೇಕಾಗಿಲ್ಲ."

ಶ್ರೀಕೃಷ್ಣ ನಗುವುದನ್ನು ನಿಲ್ಲಿಸಿದ. ಹಗ್ಗದಿಂದ ಕೈ ತೆಗೆದು, ಪಂಚೆಯಲ್ಲಿ ಒರೆಸಿಕೊಂಡು ಹತ್ತಿರ ಬಂದ.

"ಸರಿ ಭಾವ. ನಾನು ಒಳಗೆ ಇದ್ದೆ. ಹೊರಡುವಾಗ ಬತ್ತೆ ಅಂದೆ. ಒಪ್ಪಿದೆ. ನೀನು ಇಷ್ಟು ದೊಡ್ಡ ಪತ್ತೇದಾರಿ, ಒಂದು ಸಣ್ಣ ಪ್ರಶ್ನೆ ನನಗೂ ಕೇಳ್ಲಿಕ್ಕುಂಟು. ಖಾಲಿ ಶೆಡ್ಡಿಗೆ ಯಾರಾದ್ರೂ ಬತ್ತೆ ಅಂತಾರಾ?"

ಕೃಷ್ಣಮೋಹನ ಎತ್ತಿದ ಬೆರಳನ್ನು ಇಳಿಸಿದ.

ಇಷ್ಟು ದೂರ ಶಿಳ್ಳೆ ಹೊಡೆಯುತ್ತ ಬಂದವನಿಗೆ ಇದೊಂದು ಹೊಳೆದೇ ಇರಲಿಲ್ಲ. ಹೇಳುವವನಿದ್ದರೆ ಕೇಳುವವರೂ ಇರಬೇಕು. ಮನೆಮಾತಿನಲ್ಲಿ ಹೇಳಿದ್ದರೆ ಕೇಳಿದವರೂ ಅದೇ ಮನೆಮಾತಿನವರಾಗಿರಬೇಕು.

"ಯಾರಿದ್ದರು?" ಎಂದ ಕೃಷ್ಣಮೋಹನ.

"ಹೇಳುದಿಲ್ಲ."

"ಕೋರ್ಟಿನಲ್ಲಿ ಪ್ರಮಾಣ ಮಾಡಿಸಿ ಕೇಳ್ತೇನೆ."

"ಆಗಲೂ ಹೇಳುದಿಲ್ಲ. ಮರ್ಯಾದೆಯ ಮನೆಯ ಹೆಂಗಸಿನ ಹೆಸರನ್ನು ನಾನು ಕೋರ್ಟಿನಲ್ಲಿ ತೆಗೆಯುದಿಲ್ಲ." ಇಷ್ಟು ಹೇಳಿದವನು ನಾಲಿಗೆ ಕಚ್ಚಿಕೊಂಡ. ಆಮೇಲೆ ಬೇಸರದಿಂದ ತಲೆ ಆಡಿಸಿದ. "ನೋಡು ಭಾವ, ನಿನ್ನ ಒಳ್ಳೆಯದಕ್ಕೆ ಹೇಳ್ತೇನೆ. ಬೇರೆ ದಾರಿ ಹುಡುಕಿ ಹಕೀಮನನ್ನು ಬಿಡಿಸು. ಈ ಬತ್ತೆಯನ್ನು ಇಲ್ಲಿಗೇ ಬಿಡು."

"ಹೆಸರು ಹೇಳು!"

"ನನ್ನಲ್ಲಿ ಎಂತಕ್ಕೆ ಕೇಳುದು?" ಶ್ರೀಕೃಷ್ಣನಿಗೂ ಈಗ ಸಿಟ್ಟು ಬಂದಿತ್ತು. "ಮನೆಗೆ ಹೋಗಿ ಕೇಳು."

*

ಐವರ್ನಾಡಿನಿಂದ ಪುತ್ತೂರಿನವರೆಗೆ ಆಸ್ಟಿನ್ ಹೇಗೆ ಬಂತೋ ಅದಕ್ಕೇ ಗೊತ್ತು. ಕೃಷ್ಣಮೋಹನನಿಗೆ ರಸ್ತೆ ಕಾಣುತ್ತಿರಲಿಲ್ಲ.

ಶುಕ್ರವಾರ ವಸುಮತಿ ಸುಳ್ಯಕ್ಕೆ ಹೋಗಿದ್ದಳು. ಕೌಸಲ್ಯಾ ಚಿಕ್ಕಮ್ಮನಿಗೆ ಹುಷಾರಿಲ್ಲ, ನೋಡಿ ಬರ್ತೇನೆ ಎಂದು ಬೆಳಗ್ಗಿನ ಬಸ್ಸಿಗೆ ಹೊರಟವಳು ಸಂಜೆ ಬಂದಿದ್ದಳು. ಚಿಕ್ಕಮ್ಮ ಹೇಗಿದ್ದಾರೆ ಎಂದು ಕೇಳಿದ್ದಕ್ಕೆ, ಹೇಗೋ ಇದ್ದಾರೆ ಎಂದಿದ್ದಳು. ಆಗ ಅದು ಒಂದು ಉತ್ತರದಂತೆಯೇ ಕೇಳಿಸಿತ್ತು.

ಬಸ್ಸು ನಿಲ್ದಾಣದ ಬದಿಯ ಬಾಗಿಲು. ಅಲ್ಲಿಂದ ಬಂದು ಅಲ್ಲಿಂದಲೇ ಹೋದರೆ ದುಗ್ಗಪ್ಪನಿಗೂ ಕಾಣುವುದಿಲ್ಲ, ರಸ್ತೆಯವರಿಗೂ ಕಾಣುವುದಿಲ್ಲ. ಎಷ್ಟು ಸಲ ಹೀಗೆ? ಎಷ್ಟು ಕಾಲದಿಂದ? ಆ ದೊಡ್ಡ ಕಾರಿನ ಮೆತ್ತನೆಯ ಸೀಟು ನೆನಪಾಗಿ ಅವನು ಆಕ್ಸಿಲರೇಟರನ್ನು ಇನ್ನೂ ಒತ್ತಿದ. ಕಾರಿಗೆ ಮಾತು ಕೊಟ್ಟವನು ಬೇಡವೆಂದು ಬಿಟ್ಟನಂತೆ. ಬಿಡದೆ ಏನು? ಬೇಕಾದದ್ದು ಸಿಕ್ಕಿದ ಮೇಲೆ ಕಾರು ಯಾಕೆ?

ಮನೆ ಮುಟ್ಟುವಾಗ ದೀಪ ಹಚ್ಚಿದ್ದರು. ಜಗಲಿಯ ಮೇಲೆ ನಫೀಸಮ್ಮ ಬೆಳಗ್ಗೆ ಕುಳಿತಲ್ಲೇ ಕುಳಿತಿದ್ದರು. ಹತ್ತಿರದಲ್ಲಿ ಕುಡಿಯದೆ ಬಿಟ್ಟ ಚಹಾ ಇತ್ತು.

"ವಕೀಲ್ರೆ, ಎಂತ ಆಯ್ತು? ಎಂತಾದ್ರೂ ಸಿಕ್ಕಿತಾ? ನನ್ನ ಮಗ ಹಾಗೆ ಮಾಡುವವ ಅಲ್ಲ ವಕೀಲ್ರೆ."

"ಸಿಕ್ಕಿತು ನಫೀಸಮ್ಮ. ಸ್ವಲ್ಪ ಕೂತ್ಕೊಳ್ಳಿ," ಎಂದು ಅವರ ಮುಖ ನೋಡದೆ ಒಳಗೆ ಹೋದ.

ವಸುಮತಿ ಅಡುಗೆಮನೆಯಲ್ಲಿ ತೆಂಗಿನಕಾಯಿ ತುರಿಯುತ್ತಿದ್ದಳು. ಗಂಡನ ಮುಖ ನೋಡಿದವಳೇ ಕೈ ನಿಲ್ಲಿಸಿದಳು.

"ಶುಕ್ರವಾರ ಸಾಹೇಬ್ರ ಗ್ಯಾರೇಜಿನಲ್ಲಿ ಅವನ ಜೊತೆ ಇದ್ದದ್ದು ನೀನಾ?"

ಅವಳು ಇಲ್ಲವೆನ್ನುತ್ತಾಳೆ, ಅಳುತ್ತಾಳೆ ಎಂದೆಲ್ಲ ಅವನು ದಾರಿಯುದ್ದಕ್ಕೂ ಎಣಿಸಿದ್ದ. ಅವಳು ಎರಡನ್ನೂ ಮಾಡಲಿಲ್ಲ. ಸೆರಗಿನಲ್ಲಿ ಕೈ ಒರೆಸಿಕೊಂಡು ಎದ್ದು ನಿಂತಳು.

"ನೀವು ಇದನ್ನು ಹಕೀಮನನ್ನು ಬಿಡಿಸ್ಲಿಕ್ಕೆ ಕೇಳುದಾ, ಶ್ರೀಕೃಷ್ಣ ಭಾವನನ್ನು ಸಿಕ್ಕಿಸ್ಲಿಕ್ಕೆ ಕೇಳುದಾ?"

ಈ ಪ್ರಶ್ನೆಗೆ ಕೃಷ್ಣಮೋಹನನ ಹತ್ತಿರ ಪ್ರಾಮಾಣಿಕವಾದ ಉತ್ತರ ಇತ್ತು. ಅದನ್ನು ಅವನು ಹೇಳಲಿಲ್ಲ. "ಹಕೀಮನನ್ನು ಬಿಡಿಸ್ಲಿಕ್ಕೆ," ಎಂದ.

"ಹಾಗಾದ್ರೆ ಹೇಳ್ತೇನೆ. ನಾನೇ ಇದ್ದದ್ದು. ಚಿಕ್ಕಮ್ಮನ ಮನೆಯಿಂದ ಬಸ್ಸಿಗೆ ಬರುವಾಗ ಹೋದದ್ದು. ಅವರು ಕಾರು ನೋಡ್ಲಿಕ್ಕೆ ಬರ್ತಾರೆ ಅಂತ ಚಿಕ್ಕಮ್ಮನ ಮನೆಯಲ್ಲಿ ಗೊತ್ತಾಯ್ತು. ಆ ಕಾರು ತೆಗೊಳ್ಬೇಡಿ ಅಂತ ಕೇಳಿದೆ. ಕೈ ಮುಗಿದೆ. ಮೊದಲು ನಕ್ಕರು. ಕೊನೆಗೆ ಆಯ್ತು ಅಂದ್ರು. ಬತ್ತೆ ಅಂತ ಹೇಳಿ ಹೊರಗೆ ಹೋದ್ರು. ಅಷ್ಟೇ. ಅವರು ಕಾರಿಗೆ ಕೈ ಸಹ ತಾಗಿಸ್ಲಿಲ್ಲ."

"ಅವನು ಕಾರು ತೆಗೆದುಕೊಂಡರೆ ನಿನಗೆ ಎಂತ?"

"ನನಗೆ ಎಂತವೂ ಇಲ್ಲ!" ವಸುಮತಿಯ ಸ್ವರ ಮೊದಲ ಬಾರಿಗೆ ಏರಿತು. "ನಿಮಗೆ ಉಂಟಲ್ಲ? ಆ ಕಾರು ಸುಳ್ಯಕ್ಕೆ ಬಂದ ಮೇಲೆ ನೀವು ಈ ಮನೆಯಲ್ಲಿ ಒಂದು ಹೊತ್ತು ಸಮಾಧಾನದಲ್ಲಿ ಉಂಡದ್ದುಂಟಾ? ನಿದ್ರೆಯಲ್ಲಿ ಅವರ ಹೆಸರು ಹೇಳಿ ಬೈತೀರಿ. ಗುರುವಾರ ರಾತ್ರಿ ಬಡಿಸುವಾಗ ನನ್ನ ಎದುರೇ ಹೇಳಿದ್ರಿ, ಅವನು ಆ ಕಾರಿನಲ್ಲಿ ಒಂದು ದಿನವೂ ಸುಖವಾಗಿ ಕೂರಬಾರದು ಅಂತ. ನನಗೆ ಹೆದರಿಕೆ ಆಯ್ತು. ಕಾರು ಅವರಿಗೆ ಬಾರದಿದ್ರೆ ನಿಮ್ಮ ಉರಿ ಇಳಿದೀತು ಅಂತ ಹೋದೆ."

ಕೃಷ್ಣಮೋಹನನಿಗೆ ಎದೆಯ ಮೇಲಿನ ಕಲ್ಲೊಂದು ಉರುಳಿದಂತಾಯಿತು. ನಾಚಿಕೆಯೂ ಆಯಿತು, ಖುಷಿಯೂ ಆಯಿತು. ವಸು ತನ್ನವಳೇ. ಅವನು ಅವಳ ಕೈ ಹಿಡಿಯಲು ಹೋದ.

ಅವಳು ಹಿಂದೆ ಸರಿದಳು.

"ನಾಳೆ ನೀನು ಬಂದು ಇದನ್ನೇ ಹೇಳಿಬಿಡು ವಸು," ಎಂದ ಅವನು ಅವಸರದಿಂದ. "ಮಧ್ಯಾಹ್ನದವರೆಗೆ ಆ ಕಾರು ಶ್ರೀಕೃಷ್ಣನದು. ಅವನು ಬಿಟ್ಟದ್ದು ನೀನು ಕೈ ಮುಗಿದ ಮೇಲೆ, ಭಟ್ರಿಗೆ ಹೋಗುತ್ತದೆ ಅಂತ ಅದಕ್ಕೆ ಮೊದಲು ಯಾರಿಗೂ ಗೊತ್ತಿರಲಿಲ್ಲ, ಆಮೇಲೆ ಕಾರು ಭಟ್ರ ಕೈಯಲ್ಲೇ ಇತ್ತು. ಅಂದ ಮೇಲೆ ಭಟ್ರ ಮೇಲಿನ ಸಿಟ್ಟಿಗೆ ಹಕೀಮ್ ಯಾಕೆ ಆ ನಟ್ಟು ಮುಟ್ಟುತ್ತಾನೆ? ನಟ್ಟು ಸಡಿಲ ಮಾಡಿದವನ ಕಣ್ಣು ಇದ್ದದ್ದು ಶ್ರೀಕೃಷ್ಣನ ಮೇಲೆ! ಅವನು ಸಾಯಬೇಕು ಅಂತ ಇದ್ದವನು ಯಾರೋ..."

ಮಾತು ಅಲ್ಲಿಗೇ ನಿಂತಿತು.

"ಯಾರೋ," ಎಂದಳು ವಸುಮತಿ. "ನಾನು ಬಾಯಿ ಬಿಟ್ಟರೆ ಹಕೀಮ್ ಹೊರಗೆ ಬರ್ತಾನೆ. ಆ ಜಾಗಕ್ಕೆ ಯಾರನ್ನು ಹಾಕ್ತಾರೆ ಗೊತ್ತುಂಟಾ ನಿಮಗೆ? ಅವರನ್ನು ಕಂಡರೆ ಆಗದವ ಯಾರು ಅಂತ ಪುತ್ತೂರಿನಲ್ಲಿ ಕೇಳಿದರೂ ಒಂದೇ ಹೆಸರು, ಸುಳ್ಯದಲ್ಲಿ ಕೇಳಿದರೂ ಒಂದೇ ಹೆಸರು."

"ವಸು, ನಿನಗೇನು ಹುಚ್ಚಾ?"

"ಗುರುವಾರ ಸಂಜೆ ನೀವು ಸುಳ್ಯದಿಂದ ಬಂದಾಗ ಅಂಗಿಯ ತೋಳಿನ ತುಂಬ ಎಣ್ಣೆ ಇತ್ತು. ಶನಿವಾರ ಬೆಳಗ್ಗೆ ಆಕ್ಸಿಡೆಂಟಿನ ಸುದ್ದಿ ಬಂತು, ಬ್ರೇಕಿನ ಎಣ್ಣೆ ಬಸಿದು ಹೋಗಿತ್ತು ಅಂತ. ನೀವು ಆಚೆ ಹೋದ ಕೂಡಲೇ ಒಗೆಯುವ ಬಟ್ಟೆಯಿಂದ ಆ ಅಂಗಿ ತೆಗೆದು ಬಚ್ಚಲ ಒಲೆಗೆ ಹಾಕಿದೆ. ಪೂರ್ತಿ ಸುಡುವವರೆಗೆ ಅಲ್ಲೇ ಕೂತಿದ್ದೆ. ಆ ಹೆಂಗಸು ಜಗಲಿಯಲ್ಲಿ ಕೂತದ್ದು ನೋಡಿ ನೋಡಿ ನನ್ನ ಕರುಳು ಕಿತ್ತು ಬರ್ತದೆ. ಆದರೂ ಬಾಯಿ ಬಿಡ್ಲಿಲ್ಲ. ನಿಮಗೋಸ್ಕರ."

ತಾನು ಅವಳ ಮೇಲೆ ಏನನ್ನು ಹೊರಿಸಲು ಬಂದಿದ್ದೆ, ಅವಳು ತನ್ನ ಮೇಲೆ ಏನನ್ನು ನಂಬಿ ಎರಡು ದಿನದಿಂದ ಅನ್ನ ಬಡಿಸುತ್ತಿದ್ದಾಳೆ!

"ಅದು ಆಸ್ಟಿನ್ನಿನ ಎಣ್ಣೆ!" ಎಂದು ಅವನು ಕೂಗಿದ. ಮನೆಯೆಂಬುದನ್ನೂ ಮರೆತು, ಹೊರಗೆ ಜನರಿರುವುದನ್ನೂ ಮರೆತು ಕೂಗಿದ. "ಕುಂಬ್ರದ ಹತ್ತಿರ ನಿಂತುಬಿಟ್ಟಿತು. ನಾನೇ ಅಡಿಗೆ ಹೋಗಿ ಸರಿ ಮಾಡಿದೆ. ಆ ಅಂಗಿ ಇದ್ದಿದ್ದರೆ ಯಾರಿಗೆ ಬೇಕಾದರೂ ತೋರಿಸಬಹುದಿತ್ತು, ಅದು ಕಪ್ಪು ಎಂಜಿನ್ ಎಣ್ಣೆ, ಬ್ರೇಕಿನದ್ದಲ್ಲ ಅಂತ. ಅದನ್ನು ಸುಟ್ಟುಬಿಟ್ಟಿಯಲ್ಲ ವಸು! ಯಾಕೆ ಸುಟ್ಟೆ?"

ವಸುಮತಿ ಗಂಡನ ಮುಖವನ್ನು ದಿಟ್ಟಿಸಿದಳು. ನಂಬಬೇಕೆಂದು ಅವಳ ಕಣ್ಣಿನಲ್ಲಿತ್ತು, ನಂಬಿದ್ದಾಳೆಂದು ಮಾತ್ರ ಕಾಣಲಿಲ್ಲ.

"ಕುಂಬ್ರದಲ್ಲಿ ಯಾರಾದ್ರೂ ನೋಡಿದ್ದಾರಾ?"

ಯಾರೂ ನೋಡಿರಲಿಲ್ಲ. ಆ ದಿನ ಮಾರ್ಗದಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ.

ಅವನು ಉತ್ತರ ಹುಡುಕುತ್ತಿದ್ದಾಗ ವಸುಮತಿಯ ಕಣ್ಣು ಅವನ ಹೆಗಲ ಆಚೆಗೆ ಹೋಯಿತು. ಕೃಷ್ಣಮೋಹನ ತಿರುಗಿ ನೋಡಿದ.

ನಡುಮನೆಯ ಬಾಗಿಲಲ್ಲಿ ನಫೀಸಮ್ಮ ನಿಂತಿದ್ದರು. ಕೂಗು ಕೇಳಿ ಗಾಬರಿಯಾಗಿ ಬಂದಿರಬೇಕು. ಎಷ್ಟು ಹೊತ್ತಿನಿಂದ ನಿಂತಿದ್ದರೋ, ಏನೇನು ಕೇಳಿಸಿತೋ. ಚಹಾದ ಲೋಟ ಕೈಯಲ್ಲೇ ಇತ್ತು.

"ಅಮ್ಮಾ," ಎಂದು ಅವರು ವಸುಮತಿಯನ್ನೇ ಕೇಳಿದರು, "ನೀವು ಸುಟ್ಟದ್ದು ಯಾರ ಅಂಗಿ?"

ವಸುಮತಿ ತಲೆ ತಗ್ಗಿಸಿದಳು.

"ನಫೀಸಮ್ಮ, ಸ್ವಲ್ಪ ಕೇಳಿ. ನೀವು ಎಣಿಸಿದ ಹಾಗೆ ಅಲ್ಲ..." ಎಂದ ಕೃಷ್ಣಮೋಹನ.

ನಫೀಸಮ್ಮ ಕೇಳಲಿಲ್ಲ. ಲೋಟವನ್ನು ಹೊಸ್ತಿಲ ಬದಿಯಲ್ಲಿ ಮೆಲ್ಲಗೆ ಇಟ್ಟರು. ತಲೆಯ ಮೇಲಿನ ಸೆರಗನ್ನು ಸರಿಮಾಡಿಕೊಂಡು ಜಗಲಿಯಿಂದ ಇಳಿದು ಅಂಗಳ ದಾಟಿದರು. ಅವನು ಓಡಿ ಹೋಗಿ ತಡೆಯಬೇಕೆಂದು ಕಾಲು ಎತ್ತಿದ. ತಡೆದರೆ ಏನೆಂದು ಹೇಳುವುದು ಎಂದು ತಿಳಿಯದೆ ಮೆಟ್ಟಲ ಮೇಲೆಯೇ ನಿಂತ.

ಅವರ ಮನೆಗೆ ಹೋಗುವ ಬಸ್ಸು ಹಿಡಿಯಬೇಕಾದರೆ ಎಡಕ್ಕೆ ತಿರುಗಬೇಕು. ನಫೀಸಮ್ಮ ಬಲಕ್ಕೆ ತಿರುಗಿದರು. ಆ ಕಡೆ ಇದ್ದದ್ದು ಪೊಲೀಸ್ ಸ್ಟೇಷನ್.